ಉಪ್ಪು ಕುಡಿದ ಕಡ್ಡಿಗಳು

ಮೊನ್ನೆ ರವಿವಾರ ಅನುಜಾ ಶಾಲೆಯ ಬಾಟಿಕ್ ಕೆಲಸಕ್ಕೆಂದು ಗ್ಯಾಸಿನ ಮೇಲೆ ಮೇಣ ಕಾಯಿಸಲು ಇಟ್ಟಿದ್ದಳು. ಒಳಗೆ ಮಲಗಿದ್ದ ನಾನು ಆ ವಾಸನೆಗೆ ಎದ್ದು ಬಂದು, ಏನು ಎತ್ತ ಎಂದು ಕೇಳದೆ ಗ್ಯಾಸ್ ಆರಿಸಿಬಿಟ್ಟೆ. "ಅಜ್ಜಿ, ಕ್ಯಾ ಹುವಾ? ಮೇಣ ಇನ್ನೂ ಕರಗಿಲ್ಲ ನಾ!" ಎಂದಳು ಅವಳು. ನಿಖಿಲ್ ನಕ್ಕ.  ಬಾಯಿಂದ ಹೇಳಲಾಗದ್ದನ್ನು ಬರೆಯಬಲ್ಲೆನೋ ನೋಡುತ್ತೇನೆ. ನಾನು ಕಲಿತದ್ದು ನಮ್ಮೂರ ಕನ್ನಡ ಶಾಲೆಯ ನಾಲ್ಕನೇ ಇಯತ್ತೆಯವರೆಗೆ. ಅನುಜಾ, ನಿಖಿಲ್, ನಿಮಗಿಬ್ಬರಿಗೂ ಓದುವುದು ಕಷ್ಟವಾದರೆ ನಿಮ್ಮ ಅಪ್ಪ ಓದಿ ಹೇಳಲಿ. ಅವನೂ ತಿಳಿಯಬೇಕಾದ ಸಂಗತಿ ಇದು.

ಆಗ ನಮ್ಮ ಮದುವೆಯಾಗಿ ಎರಡನೆಯ ವರ್ಷ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದವು. ನನಗೆ ಹತ್ತೊಂಬತ್ತು. ಮುಂಬೈಯ ಮಲಾಡ್ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಹೆಂಚು ಹೊದಿಸಿದ, ಒಂದು ಮಹಡಿಯ ಚಾಳು. ಮೇಲಿನ ಗ್ಯಾಲರಿಯ ಕೊನೆಯ ಖೋಲಿ ನಮ್ಮದು. ಚಾಳಿನ ಹಿಂದೆ ಸಮುದ್ರದ ನೀರು ಒಳನುಗ್ಗುವ ಖಾಡಿಯ ಕೆಸರು, ಅದರಾಚೆ ಉಪ್ಪಿನ ಆಗರಗಳು. ಕೆಳಗೆ ರಸ್ತೆಗೆ ಮುಖಮಾಡಿ ವಾಸಣ್ಣನ ಹೋಟೆಲು. ವಾಸಣ್ಣ ಉಡುಪಿ ಕಡೆಯವರು. ಮೇಲಿನ ಆ ಖೋಲಿ ಅವರ ಹೆಸರಿನಲ್ಲಿತ್ತು. ನಾವು ಕನ್ನಡದವರು ಎಂಬ ಒಂದೇ ಕಾರಣಕ್ಕೆ ಅದನ್ನು ನಮ್ಮ ವಾಸಕ್ಕೆ ಬಿಟ್ಟುಕೊಟ್ಟಿದ್ದರು.

ನಿಮ್ಮ ಅಜ್ಜ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅದು ಹೊಟ್ಟೆಪಾಡು. ಅವರ ಜೀವವಿದ್ದದ್ದು ಇನ್ನೊಂದರಲ್ಲಿ. ತಮ್ಮ ಕೈಯಿಂದಲೇ ವೈರ್‌ಲೆಸ್ ಯಂತ್ರ ಕಟ್ಟಿ, ಸರ್ಕಾರದ ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆದು, ದೂರದೂರದ ತಮ್ಮಂಥವರ ಜೊತೆ ಟಿಕ್ ಟಿಕ್ ಎಂಬ ತಂತಿಭಾಷೆಯಲ್ಲಿ ಮಾತಾಡುವವರು ಆಗ ಬೆರಳೆಣಿಕೆಯಷ್ಟಿದ್ದರು. ಹ್ಯಾಮ್ ಎನ್ನುತ್ತಿದ್ದರು ಅವರನ್ನು. ನಿಮ್ಮ ಅಜ್ಜ ಹಾಗೆ ಲೈಸೆನ್ಸ್ ಪಡೆದವರು. ಆ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲಿ ತೂಗುಹಾಕಿದ್ದರು. ನಾನು ದಿನಾ ಅದಕ್ಕೂ ಕುಂಕುಮ ಹಚ್ಚುತ್ತಿದ್ದೆ. ಅವರು ಬೇಡವೆನ್ನಲಿಲ್ಲ.

ಯಂತ್ರ ಖೋಲಿಯ ಮೂಲೆಯ ಮೇಜಿನ ಮೇಲೆ. ಆ್ಯಂಟೆನಾ ಮಾಡಿನ ಮೇಲೆ, ಎರಡು ಗಳಗಳ ನಡುವೆ ಎಳೆದ ತಂತಿ. ಯಂತ್ರದ ಶಕ್ತಿ ಆ ತಂತಿಗೆ ಹೋಗಲು ನಡುವೆ ಒಂದು ದಾರಿ ಬೇಕಲ್ಲ, ಅದನ್ನವರು ಫೀಡರ್ ಎನ್ನುತ್ತಿದ್ದರು. ದಾರಿಗೂ ಆ್ಯಂಟೆನಾಕ್ಕೂ ಹೊಂದಿಕೆಯಾಗದಿದ್ದರೆ ಎಲ್ಲ ವ್ಯರ್ಥವಂತೆ. ನನಗೆ ಅರ್ಥವಾಗಲಿಲ್ಲ. ಆಗ ಅವರು ನಾವು ನೀರು ಸೇದುವ ದಪ್ಪ ಹಗ್ಗದ ತುದಿಗೆ ನನ್ನ ಪರಕಾರದ ಲಾಡಿಯನ್ನು ಗಂಟು ಹಾಕಿ, ಲಾಡಿಯ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಹಗ್ಗವನ್ನು ಒಮ್ಮೆ ಜಾಡಿಸಿದರು. ಒಂದು ಡುಬ್ಬ ಹಗ್ಗದುದ್ದಕ್ಕೂ ಓಡಿತು. ಗಂಟಿಗೆ ಬಂದಾಗ ಸ್ವಲ್ಪ ಮುಂದೆ ಹೋಯಿತು, ಉಳಿದದ್ದು ತಿರುಗಿ ಅವರ ಕೈಗೇ ಬಂತು.

"ನೋಡಿದೇನು? ಹೊಂದಲಾರದ ಕಡೆ ಗಂಟು ಹಾಕಿದ್ರ ಹಿಂಗ. ಕಳಿಸಿದ್ದು ತಿರುಗಿ ನಮ್ಮ ಮಾರಿಗೇ ಬರತದ."

"ಮತ್ತ ಏನ್ ಮಾಡೂದ್ರೀ?"

"ನಡುವ ಇನ್ನೊಂದು ಹಗ್ಗ ಬೇಕು. ಇದಕ್ಕಿಂತ ಸಣ್ಣದು, ಅದಕ್ಕಿಂತ ದಪ್ಪದು. ಅಳತಿ ಬರೋಬ್ಬರಿ ಇರಬೇಕು, ಅಷ್ಟ."

ಆ ನಡುವಿನ ತುಂಡಿನ ಲೆಕ್ಕಕ್ಕೆ ಅವರು ಒಂದು ಚಳಿಗಾಲ ಪೂರ್ತಿ ಕಳೆದರು. ಕೊನೆಗೆ ಎರಡು ದಪ್ಪ ತಂತಿಗಳನ್ನು ಹತ್ತಿರ ಹತ್ತಿರ ಇಟ್ಟು ಆ ತುಂಡು ಮಾಡಿ ಆ್ಯಂಟೆನಾದ ನಡುವಿಗೆ ಕಟ್ಟಿದರು. ಅಲ್ಲಿಂದ ಕೆಳಗೆ, ಗ್ಯಾಲರಿಯ ಸೂರಿನಡಿ ಹಾದು ನಮ್ಮ ಕಿಟಕಿಯವರೆಗೆ, ಎರಡು ಸಣ್ಣ ತಂತಿಗಳ ಫೀಡರ್. ಆ ಎರಡು ತಂತಿಗಳ ನಡುವೆ ಉದ್ದಕ್ಕೂ ನಾಲ್ಕು ಬೆರಳಿನ ಅಂತರ ಕೆಡಬಾರದು. ಅದಕ್ಕೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಕಡ್ಡಿಗಳು ಬೇಕು. ಕಡ್ಡಿಗಳಲ್ಲಿ ಕರೆಂಟ್ ಹರಿಯಬಾರದು, ಅವು ನೀರು ಕುಡಿಯಬಾರದು. ಒಣಗಿದ ಬಿದಿರಿನ ಕಡ್ಡಿಗಳನ್ನು ಕರಗಿದ ಮೇಣದಲ್ಲಿ ಗುಳ್ಳೆ ನಿಲ್ಲುವವರೆಗೆ ಕುದಿಸಿದರೆ ಸಾಕು ಎಂದು ಹೇಳಿ, ನಲವತ್ತು ಕಡ್ಡಿಗಳ ಕೆಲಸವನ್ನು ನನಗೆ ಒಪ್ಪಿಸಿದರು.

ಅವರ ಯಂತ್ರದ ಕೆಲಸದಲ್ಲಿ ನನಗೆ ಸಿಕ್ಕ ಮೊದಲ ಪಾಲು ಅದು. ಎಷ್ಟು ಖುಷಿಯಾಯಿತೆಂದರೆ, ಒಂದೊಂದು ಕಡ್ಡಿಯನ್ನೂ ಬೆರಳಿಟ್ಟು ಅಳೆದು, ಕೊಯ್ದು, ತುದಿ ಉಜ್ಜಿ ನುಣುಪು ಮಾಡಿದೆ. ಕೊಯ್ಯುವಾಗ ಒಂದು ಬಿದಿರಿನಲ್ಲಿ ಹುಳು ಕೊರೆದ ತೂತು, ಹಿಟ್ಟು ಕಂಡಿತು. ನಮ್ಮ ಊರಲ್ಲಿ ಬಿತ್ತುವ ಕೂರಿಗೆಗೆ ಹಾಕುವ ಬಿದಿರನ್ನು ಉಪ್ಪು, ಅರಿಶಿನ ಕಲಸಿದ ನೀರಿನಲ್ಲಿ ಎರಡು ದಿನ ನೆನೆಹಾಕಿ ಒಣಗಿಸುತ್ತಾರೆ. ಹಾಗೆ ಮಾಡಿದ ಬಿದಿರಿಗೆ ಹುಳು ಬೀಳುವುದಿಲ್ಲ. ನನ್ನ ಅಪ್ಪ ಮಾಡುವುದನ್ನು ನೋಡಿಯೇ ಬೆಳೆದವಳು ನಾನು. ಖಾಡಿ ಕಡೆಯಿಂದ ಮಾರಲು ಬರುತ್ತಿದ್ದವಳ ಹತ್ತಿರ ಹರಳುಪ್ಪು ಕೊಂಡಿದ್ದೆ. ಎರಡು ಮುಷ್ಟಿ ಧಾರಾಳವಾಗಿ ಹಾಕಿ, ಕಡ್ಡಿಗಳನ್ನು ನೆನೆಸಿ, ಬಿಸಿಲಿಗೆ ಒಣಗಿಸಿ, ಆಮೇಲೆ ಅವರು ಹೇಳಿದ ಹಾಗೆಯೇ ಮೇಣದಲ್ಲಿ ಕುದಿಸಿದೆ. ಅವರು ಸಂಜೆ ಬಂದು ನೋಡಿ, "ಬಣ್ಣ ಚಂದ ಬಂದದಲ್ಲ!" ಎಂದರು. ಅರಿಶಿನದ ಮಾತು ಆಗಲೇ ಹೇಳಬಹುದಿತ್ತು. ಹೇಳುವಂಥ ದೊಡ್ಡ ಕೆಲಸವೆಂದು ನನಗೆ ಅನ್ನಿಸಲಿಲ್ಲ. ಹೊಗಳಿಸಿಕೊಳ್ಳಲು ನಾಚಿಕೆಯೂ ಇತ್ತು.

ಏಪ್ರಿಲ್ ತಿಂಗಳಲ್ಲಿ ಎಲ್ಲ ಕಟ್ಟಿ ಮುಗಿಯಿತು. ಹೊಂದಿಕೆ ಸರಿಯಾಗಿದೆಯೋ ಇಲ್ಲವೋ ತಿಳಿಯಲು ಅವರ ಹತ್ತಿರ ಮೀಟರು ಗೀಟರು ಇರಲಿಲ್ಲ. ಒಂದು ಪುಟ್ಟ ನಿಯಾನ್ ದೀಪವನ್ನು ಕೋಲಿನ ತುದಿಗೆ ಕಟ್ಟಿಕೊಟ್ಟಿದ್ದರು. ದೀಪ ಹಚ್ಚುವ ಹೊತ್ತಿಗೆ ಅವರು ಒಳಗೆ ಯಂತ್ರದ ಟಿಕ್ ಟಿಕ್ ಕೀಲಿ ಒತ್ತಿ ಕೂರಬೇಕು, ನಾನು ಗ್ಯಾಲರಿಯಲ್ಲಿ ಆ ಕೋಲನ್ನು ಫೀಡರಿನ ಪಕ್ಕ ಹಿಡಿದು ಮೆಲ್ಲಗೆ ನಡೆಯಬೇಕು. ತಂತಿ ಮುಟ್ಟದಿದ್ದರೂ ದೀಪ ಹೊತ್ತುತ್ತದೆ. ಒಂದು ಕಡೆ ಝಗ್ಗನೆ, ಇನ್ನೊಂದು ಕಡೆ ಮಂಕಾಗಿ ಹೊತ್ತಿದರೆ ಕಳಿಸಿದ್ದು ತಿರುಗಿ ಬರುತ್ತಿದೆ ಎಂದರ್ಥ. ಎಲ್ಲ ಕಡೆ ಸಮವಾಗಿದ್ದರೆ ಹೊಂದಿತೆಂದು ಅರ್ಥ.

"ಹೆಂಗದ?" ಒಳಗಿನಿಂದ ಕೇಳಿದರು.

"ಒಂದ ಸಮ ಅದ್ರೀ."

"ಕೊನೀತನಕ ನೋಡಿದೇನು? ಸುಮ್ಮ ಹೇಳಬ್ಯಾಡ."

"ನೋಡೇ ಹೇಳಾಕತ್ತೀನ್ರೀ."

ಎರಡು ದಿನಗಳಲ್ಲಿ ಸಿಲೋನಿನ ಚಹಾ ತೋಟದ ಒಬ್ಬ ಮನುಷ್ಯ ಉತ್ತರ ಕೊಟ್ಟ. ವಾಸಣ್ಣ ತಟ್ಟೆ ತುಂಬ ಜಿಲೇಬಿ ಕಳಿಸಿ, ಗಿರಾಕಿಗಳಿಗೆಲ್ಲ "ನಮ್ಮ ಮಾಡಿನಿಂದ ಸಮುದ್ರ ದಾಟಿ ಮಾತು ಹೋಗ್ತದೆ ಮಾರಾಯ್ರೆ" ಎಂದು ಹೇಳಿಕೊಂಡರು. ಆ ತಿಂಗಳೇ ನನಗೂ ದಿನ ತಪ್ಪಿತ್ತು. ನನ್ನ ಅವ್ವ ನಾನು ಚಿಕ್ಕವಳಿರುವಾಗಲೇ ಹೋಗಿದ್ದಳು, ಅತ್ತೆಯೂ ಇರಲಿಲ್ಲ. ಚೊಚ್ಚಲ ಬಾಣಂತನಕ್ಕೆ ಹೋಗಲು ತವರು ಎಂಬುದಿಲ್ಲ. ಪಕ್ಕದ ಖೋಲಿಯ ಬೆಳಗಾವಿಯ ಇಂದೂಬಾಯಿ, "ಇಲ್ಲೇ ಆಗಲಿ, ನಾ ಇದ್ದೀನಲ್ಲ" ಎಂದು ಧೈರ್ಯ ಹೇಳಿದ್ದಳು.

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಬಂದು ಹೋಗುವ ಮಳೆ. ಇದು ಬಂದು ಕೂತಿತು. ಗೋಡೆ ಬೆವರಿತು, ಬೆಂಕಿಪೊಟ್ಟಣ ಹೊತ್ತಲೊಲ್ಲದು, ಒಗೆದ ಬಟ್ಟೆ ನಾಲ್ಕು ದಿನ ಹಸಿ. ಮಳೆಯ ಮೊದಲ ವಾರದಲ್ಲೇ ಒಂದು ಸಂಜೆ ವಾಸಣ್ಣ ಹೆಗಲ ಮೇಲಿನ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ ಮೇಲೆ ಬಂದರು.

"ಎಂತ ಮಾಡ್ತಾ ಉಂಟು ನಿಮ್ಮ ಯಂತ್ರ? ನೀವು ಟಿಕ್ ಅಂದ್ರೆ ನನ್ನ ರೇಡಿಯೋ ಕರ್ರ್ ಅಂತದೆ. ಹಾಡು ಕೇಳ್ಲಿಕ್ಕೆ ಬಂದವರು ಅರ್ಧ ಚಹಾ ಬಿಟ್ಟು ಎದುರಿನ ಇರಾನಿ ಹೋಟೆಲಿಗೆ ಹೋಗ್ತಾರೆ."

"ಎರಡು ದಿನ ತಡೀರಿ ವಾಸಣ್ಣ. ಮಳೀಗೆ ಏನೋ ಹೊಂದಿಕೆ ತಪ್ಪೇದ. ಸರಿ ಮಾಡ್ತೀನಿ."

ಎರಡು ದಿನ ಎರಡು ವಾರವಾಯಿತು. ನಾನು ದೀಪದ ಕೋಲು ಹಿಡಿದು ನಡೆದರೆ ಈಗ ಒಂದು ಕಡೆ ಕಣ್ಣು ಕುಕ್ಕುವಷ್ಟು ಬೆಳಕು, ನಾಲ್ಕು ಹೆಜ್ಜೆ ಮುಂದೆ ಏನೂ ಇಲ್ಲ. ಒಳಗೆ ಯಂತ್ರದ ದೊಡ್ಡ ಗಾಜಿನ ವಾಲ್ವ್ ಕೆಂಪಗೆ ಕಾಯುತ್ತಿತ್ತು. ಹೋಗಬೇಕಾದ ಶಕ್ತಿ ತಿರುಗಿ ಬಂದು ಅದನ್ನೇ ಸುಡುತ್ತಿದೆ ಎಂದರು. ನೆನೆದ ಹೆಂಚಿನ ಮೇಲೆ ಹತ್ತಿ ಆ್ಯಂಟೆನಾ ಗೇಣುದ್ದ ಕತ್ತರಿಸಿದರು, ಮತ್ತೆ ಜೋಡಿಸಿದರು. ನಡುವಿನ ತುಂಡಿನ ತಂತಿಗಳನ್ನು ಹತ್ತಿರ ತಂದರು, ದೂರ ಮಾಡಿದರು. ಒಮ್ಮೆ ಕಾಲು ಜಾರಿ ಮೊಣಕಾಲು ಸಿಪ್ಪೆ ಎದ್ದಿತು. ಪ್ರತಿ ಸಲವೂ ಕೆಳಗಿಳಿದು ಲೆಕ್ಕದ ವಹಿಯಲ್ಲಿ ಹಿಂದಿನದನ್ನು ಹೊಡೆದುಹಾಕಿ ಹೊಸದಾಗಿ ಬರೆಯುವರು. ಅವರ ಅಕ್ಷರ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು.

ನಳದ ಸಾಲಿನಲ್ಲಿ ಹೆಂಗಸರು ನನಗೆ ಕೇಳುವ ಹಾಗೆ ಆಡಿಕೊಂಡರು. ಇವನು ಪಾಕಿಸ್ತಾನಕ್ಕೆ ಸುದ್ದಿ ಕಳಿಸುತ್ತಾನೆ ಎಂದಳು ಒಬ್ಬಳು. ಇಂದೂಬಾಯಿ ಅವಳಿಗೆ ಮರಾಠಿಯಲ್ಲಿ ಬೈದು, ಆಮೇಲೆ ನನ್ನ ಕಡೆ ತಿರುಗಿದಳು. "ಅಗ ಬಾಯಿ, ನಿನ್ನ ಗಂಡಗ ಅಷ್ಟ ದೂರದವರ ಕೂಡ ಮಾತ ಬರತಾವು, ಬಾಜೂದವರ ಕೂಡ ಬರೂದಿಲ್ಲೇನು? ಎಲ್ಲಾರೂ ಸೇರಿ ಮಾಲಕಗ ಅರ್ಜಿ ಕೊಟ್ಟಾರ. ಈ ಖೋಲಿ ಹ್ವಾದ್ರ ನಿನ್ನ ಬಾಣಂತನಾ ಸ್ಟೇಷನ್ ಪ್ಲಾಟ್‌ಫಾರ್ಮ್ ಮ್ಯಾಲ ಮಾಡಲೇನು ನಾ?"

ಅರ್ಜಿ ಹೋಗಿದ್ದು ನಿಜ. ಚಾಳಿನ ಮಾಲಕ ತಮ್ಮನ್ನು ಕರೆಸಿ ಹೇಳಿದ್ದನ್ನು ವಾಸಣ್ಣ ಬಂದು ನಮ್ಮ ಹೊಸ್ತಿಲಲ್ಲಿ ನಿಂತು ಹೇಳಿದರು. ಗೋಕುಲಾಷ್ಟಮಿಯೊಳಗೆ ಯಂತ್ರ ಸರಿಯಾಗಬೇಕು. ಆಗದಿದ್ದರೆ ಅದನ್ನು ಕಿತ್ತುಹಾಕಿ, ಲೈಸೆನ್ಸ್ ತಿರುಗಿ ಕೊಟ್ಟೆ ಎಂದು ಸರ್ಕಾರಕ್ಕೆ ಬರೆದ ಕಾಗದದ ನಕಲು ಮಾಲಕನಿಗೆ ತೋರಿಸಬೇಕು. ಎರಡೂ ಇಲ್ಲವೆಂದರೆ ಖೋಲಿ ಖಾಲಿ. "ನಾನು ಎಂತ ಮಾಡ್ಲಿ ಹೇಳಿ, ನನ್ನ ಹೋಟೆಲೂ ಅವನದೇ ಜಾಗದಲ್ಲಿ ಉಂಟು" ಎಂದರು. ಅಷ್ಟಮಿಗೆ ಆಗ ಮೂರು ವಾರವಿತ್ತು.

ಅದಾದ ಮೇಲೆ ಒಂದು ಸಂಜೆ, ಮಳೆ ಸ್ವಲ್ಪ ಬಿಟ್ಟಿತ್ತು. ನಿಮ್ಮ ಅಜ್ಜ ಮಾಡಿನಿಂದ ಇಳಿದು ಬಂದರು. ಮುಖ ಬಹಳ ದಿನಗಳ ಮೇಲೆ ಅರಳಿತ್ತು.

"ಸಿಕ್ತು ನೋಡು ಕಳ್ಳ! ಸಮುದ್ರದ ಗಾಳಿ. ಗಳಕ್ಕ ತಂತಿ ಕಟ್ಟಿದ ಪಿಂಗಾಣಿ ಗುಬ್ಬಿಗಳ ಮ್ಯಾಲ ಉಪ್ಪು ಕುಂತದ. ಉಪ್ಪು ಅಂದ್ರ ನೀರು ಹೀರತದ, ನೀರು ಹೀರಿದ್ರ ಕರೆಂಟ್ ಸೋರತದ. ಅಲ್ಲೇ ಹೊಂದಿಕೆ ತಪ್ಪೇದ."

ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು.

ಮರುದಿನ ಅವರು ರಜೆ ಹಾಕಿ ಮೇಲೆ ಹತ್ತಿ, ಪಿಂಗಾಣಿಯನ್ನೆಲ್ಲ ಸಿಹಿನೀರಿನಿಂದ ತೊಳೆದು ಒರೆಸಿದರು. ಸಂಜೆ ಕೀಲಿ ಒತ್ತಿದರು. ನಾನು ದೀಪ ಹಿಡಿದು ನಡೆದೆ. ಏನೂ ಬದಲಾಗಿರಲಿಲ್ಲ. ಆದರೆ ಆ ದಿನ ನಾನು ದೀಪವನ್ನು ಬಿಟ್ಟು ಕಡ್ಡಿಗಳನ್ನೇ ನೋಡುತ್ತ ನಡೆದೆ. ನೀರಿನ ಹಂಡೆಯ ನೇರಕ್ಕಿದ್ದ ಒಂದು ಕಡ್ಡಿಯ ಮೈಮೇಲೆ, ಒಂದು ತಂತಿಯಿಂದ ಇನ್ನೊಂದಕ್ಕೆ, ಕೂದಲೆಳೆಯಷ್ಟು ನೀಲಿ ಕಿಡಿ ಹರಿದಾಡುತ್ತಿತ್ತು. ಅವರು ಕೀಲಿ ಬಿಟ್ಟರೆ ಇಲ್ಲ, ಒತ್ತಿದರೆ ಇದೆ. ಕೆಳಗೆ ಹೋಟೆಲಿನ ರೇಡಿಯೋ ಅದೇ ತಾಳಕ್ಕೆ ಕರ್ರ್ ಎನ್ನುತ್ತಿತ್ತು.

"ಹೆಂಗದ?" ಎಂದು ಒಳಗಿನಿಂದ ಕೇಳಿದರು.

"ಹಂಗ ಅದ್ರೀ" ಎಂದೆ.

ಮಕ್ಕಳೇ, ಆಗಲೇ ಹೇಳಬೇಕಿತ್ತು. ಅಂದಿನಿಂದ ಹನ್ನೊಂದು ದಿನ ಸುಮ್ಮನಿದ್ದೆ. ಯಾಕೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಅವರು ಬೈಯುವವರಲ್ಲ, ಹೊಡೆಯುವವರಂತೂ ಅಲ್ಲ. ಆದರೆ ಲ್ಯಾಮಿಂಗ್ಟನ್ ರೋಡಿನ ತಮ್ಮ ಗೆಳೆಯರನ್ನು ಕರೆದುಕೊಂಡು ಬಂದು, "ಈ ಕಡ್ಡಿ ನೋಡ್ರಿ, ನಮ್ಮ ಮನಿಯಾಕಿ ಮಾಡಿದ್ದು, ಇಂಗ್ಲೆಂಡಿನ ಮಾಲಿಗೂ ಈ ಅಚ್ಚುಕಟ್ಟು ಇಲ್ಲ" ಎಂದು ತೋರಿಸಿದ್ದರು. ಹಳ್ಳಿಯವಳು, ಇಂಗ್ಲಿಷ್ ಬಾರದವಳು, ಬಂದವರೆದುರು ಬಾಯಿ ಬಿಡದವಳು ಎಂಬ ನನಗೆ ಆ ಒಂದು ಮಾತು ಎಷ್ಟು ಎತ್ತರ ಕೊಟ್ಟಿತ್ತೆಂದು ಹೇಗೆ ಹೇಳಲಿ. ಅದನ್ನು ನಾನೇ ಕೆಡವಬೇಕಿತ್ತು. ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಮಳೆ ನಾಲ್ಕು ದಿನ ಬಿಟ್ಟರೆ ಕಡ್ಡಿ ಒಣಗಿ ತಾನೇ ಸರಿಹೋದೀತು, ಹೇಳುವುದೇ ಬೇಡ ಎಂದೂ ಆಸೆಪಡುತ್ತಿದ್ದೆ. ಮಳೆ ಬಿಡಲಿಲ್ಲ.

ಅವರು ಮಾತ್ರ ದಿನೇ ದಿನೇ ಕುಗ್ಗಿದರು. ಊಟದ ನಡುವೆ ಬೆರಳಿನಿಂದ ತಟ್ಟೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಂದು ದಿನ, "ಪುಸ್ತಕದಾಗ ಓದಿ ಪಾಸಾಗೂದು ಬ್ಯಾರೆ, ಕೈಯಾಗ ಬರೂದು ಬ್ಯಾರೆ" ಎಂದರು, ನನಗಲ್ಲ, ಅನ್ನಕ್ಕೆ ಹೇಳಿದಂತೆ. ನಾನು ಸಾರು ಬಡಿಸಿದೆ.

ಅಷ್ಟಮಿಗೆ ಎರಡು ದಿನ ಇರುವಾಗ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅವರು ಒಂದು ಉದ್ದನೆಯ ಲಕೋಟೆ ನನ್ನ ಮುಂದಿಟ್ಟು, "ಇದನ್ನಿಷ್ಟು ಅಂಟಿಸು" ಎಂದರು. ಆ ಹಸಿ ಹವೆಯಲ್ಲಿ ಲಕೋಟೆಯ ಗೋಂದು ಕೆಟ್ಟಿತ್ತು. ನಾನು ಅನ್ನದ ಅಗುಳು ಹಿಸುಕಿ, ತಿದ್ದಿ ಒತ್ತಿ ಅಂಟಿಸಿದೆ. ಮೇಲೆ ಇಂಗ್ಲಿಷಿನಲ್ಲಿ ವಿಳಾಸ.

"ಏನ್ರೀ ಇದು?"

"ಸರ್ಕಾರಿ ಕಾಗದ" ಎಂದು ಅಂಗಿಯ ಕಿಸೆಗೆ ಹಾಕಿಕೊಂಡು ಲೋಕಲ್ ಹಿಡಿಯಲು ಹೋದರು. ಗೋಡೆಯ ಮೇಲಿನ ಲೈಸೆನ್ಸಿನ ಕಟ್ಟು ಖಾಲಿಯಾಗಿತ್ತೋ ಇಲ್ಲವೋ ನಾನು ನೋಡಲಿಲ್ಲ. ಆ ದಿನ ಬೆಳಿಗ್ಗೆ ಕುಂಕುಮವನ್ನೂ ಹಚ್ಚಿರಲಿಲ್ಲ, ಮೈ ಭಾರವಾಗಿತ್ತು.

ಮಧ್ಯಾಹ್ನ ಪಾತ್ರೆ ತಿಕ್ಕುವಾಗ ಹೊಟ್ಟೆಯೊಳಗೆ ನಿಮ್ಮ ಅಪ್ಪ ಒದ್ದ. ಏನೋ ತೀರ್ಮಾನವಾದ ಹಾಗಾಯಿತು. ಪಾತ್ರೆ ಅಲ್ಲೇ ಬಿಟ್ಟು, ಸೆರಗು ಹೊದ್ದು, ಮೆಟ್ಟಿಲಿಳಿದು ಹೋಟೆಲಿಗೆ ಹೋದೆ. ಎರಡು ವರ್ಷಗಳಲ್ಲಿ ನಾನು ಒಬ್ಬಳೇ ಆ ಹೋಟೆಲಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಅಷ್ಟೂ ಮೇಜಿನ ಗಂಡಸರು ತಲೆ ಎತ್ತಿದರು. ವಾಸಣ್ಣ ದುಡ್ಡೆಣಿಸುವ ಗಲ್ಲೆಯಿಂದ ಎದ್ದರು.

"ಎಂತ ಅಮ್ಮ? ಮೈ ಹುಷಾರಿಲ್ವಾ? ಇಂದೂಬಾಯಿಯನ್ನು ಕರೀಲಿಕ್ಕೆ ಹೇಳ್ಲಾ?"

"ಇಲ್ಲ್ರೀ. ತಪ್ಪು ಅವರದಲ್ಲ್ರೀ. ನಂದು." ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಹೇಳಿದೆ. ಕಡ್ಡಿ, ಉಪ್ಪು, ಮೇಣ, ಕಿಡಿ, ಎಲ್ಲ ಹೇಳಿದೆ.

"ಉಪ್ಪಾ?" ಎಂದರು ವಾಸಣ್ಣ. "ಉಪ್ಪಿಗೆ ರೇಡಿಯೋ ಕೆಡ್ತದಾ?" ಹಿಂದೆ ಯಾರೋ, "ಹಂಗಾದ್ರೆ ನಿಮ್ಮ ಸಾಂಬಾರ್ ರೇಡಿಯೋದಿಂದ ದೂರ ಇಡಿ ಶೇಟ್" ಎಂದ. ಎಲ್ಲರೂ ನಕ್ಕರು. ವಾಸಣ್ಣ ನಗಲಿಲ್ಲ.

"ಎಂಟು ದಿನ ಕೊಡ್ರಿ. ಹೊಸಾ ಕಡ್ಡಿ ಮಾಡ್ತೀನಿ. ಬರೇ ಮೇಣದಾಗ."

"ಎಂಟಲ್ಲ, ಹದಿನೈದು ದಿನ ತಕೊಳ್ಳಿ. ಮಾಲಕನಿಗೆ ನಾನು ಹೇಳ್ತೇನೆ." ಆಮೇಲೆ ಕೇಳಿದರು, "ಇದು ನಿಮ್ಮವರಿಗೆ ಹೇಳಿದ್ದೀರಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ನನಗೆ ಮೊದಲು, ಅವರಿಗೆ ಆಮೇಲೆ. ಇದು ಸರಿ ಆಗ್ಲಿಲ್ಲ ಅಮ್ಮ. ಅವರು ನಿನ್ನೆ ನನ್ನ ಹತ್ತಿರ ಬಂದಿದ್ರು. ಲೈಸೆನ್ಸ್ ವಾಪಸ್ ಕಳಿಸ್ತೇನೆ, ಇವತ್ತು ಬೆಳಿಗ್ಗೆ ಪೋಸ್ಟಿಗೆ ಹಾಕ್ತೇನೆ ಅಂದ್ರು. ನಕಲು ನನ್ನ ಗಲ್ಲೆಯಲ್ಲಿ ಉಂಟು."

ಮೆಟ್ಟಿಲು ಹೇಗೆ ಹತ್ತಿದೆನೋ. ಮೇಲೆ ಬಂದು ನೋಡಿದರೆ ಗೋಡೆಯ ಮೇಲೆ ಬರೀ ಕಟ್ಟು, ಗಾಜಿನ ಮೇಲೆ ನಾನು ಹಚ್ಚಿದ ಹಳೆಯ ಕುಂಕುಮ.

ಸಂಜೆ ಅವರು ಬಂದಾಗ ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಮುಖ ನೋಡಲಾರದೆ ಅವರ ಪಾದಗಳನ್ನು ನೋಡುತ್ತ ಹೇಳಿದೆ. ಅವರು ಗ್ಯಾಲರಿಗೆ ಹೋಗಿ ಇಕ್ಕಳದಿಂದ ಒಂದು ಕಡ್ಡಿ ಬಿಚ್ಚಿ, ನಡುವೆ ಮುರಿದು, ಮುರಿದ ತುದಿಯನ್ನು ನಾಲಿಗೆಗೆ ಇಟ್ಟು ನೋಡಿದರು.  ಆಮೇಲೆ ಇನ್ನೊಂದು ಬಿಚ್ಚಿದರು, ಅದನ್ನೂ ಮುರಿದು ನೆಕ್ಕಿದರು.

"ಎಂದ ಗೊತ್ತಾತು?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. "ನೀವು ಪಿಂಗಾಣಿ ತೊಳದ್ರಲ್ಲ, ಅವತ್ತ" ಎಂದೆ.

ಅವರು ದಿನಗಳನ್ನು ಎಣಿಸುತ್ತಿರುವುದು ಅವರ ಕಣ್ಣಿನಲ್ಲಿ ಕಂಡಿತು. "ಕೈ ತೊಳಕೊಂಡು ಬರ್ತೀನಿ, ಊಟಕ್ಕ ಹಾಕು" ಎಂದರು.

ಮರುದಿನ ಎರಡು ಕಡ್ಡಿ ಅಂಗಡಿಗೆ ಒಯ್ದು ಅಲ್ಲಿಯ ಮೀಟರಿನಲ್ಲಿ ಅಳೆದು ಬಂದು, "ನೀ ಹೇಳಿದ್ದು ಖರೆ, ತಂತಿಯಂಗ ಹರೀತದ" ಎಂದರು. ನನ್ನ ಒತ್ತಾಯಕ್ಕೆ ಇನ್ನೊಂದು ಕಾಗದವನ್ನೂ ಬರೆದರು, ಮೊದಲಿನದನ್ನು ರದ್ದು ಮಾಡಿ ಲೈಸೆನ್ಸ್ ಮರಳಿಸಿರಿ ಎಂದು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಬೇಕಿದ್ದರೆ ಹೊಸದಾಗಿ ಅರ್ಜಿ ಹಾಕಿ ಮತ್ತೆ ಪರೀಕ್ಷೆಗೆ ಕೂರಬೇಕಂತೆ. ಆ ಕಾಗದ ಬಂದ ದಿನ ನಿಮ್ಮ ಅಪ್ಪ ಹತ್ತು ದಿನದ ಕೂಸು, ಅದೇ ಖೋಲಿಯಲ್ಲಿ ಇಂದೂಬಾಯಿಯ ಕೈಯಲ್ಲಿ ಹುಟ್ಟಿದವನು. ಅವರು ಕಾಗದ ಓದಿ, ಮಡಚಿ, ಕೂಸನ್ನು ಎತ್ತಿಕೊಂಡರು. ಅರ್ಜಿ ಹಾಕಲಿಲ್ಲ. ನಾನು ಮೂರು ವರ್ಷ, ಪ್ರತಿ ಬೇಸಿಗೆ, ಕೇಳಿದೆ. "ನೋಡೋಣ" ಎನ್ನುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟೆ.

ನನ್ನನ್ನು ಅವರು ಒಮ್ಮೆಯೂ ಅಂದವರಲ್ಲ. ಆದರೆ ಅಂಧೇರಿಯ ಈ ಮನೆಗೆ ಬಂದ ಮೇಲೆ, ನಿಮ್ಮ ಅಪ್ಪ ಹೈಸ್ಕೂಲಿನಲ್ಲಿರುವಾಗ, ಹಳೆಯ ಗೆಳೆಯರೊಬ್ಬರು ಬಂದಿದ್ದರು. ಅಷ್ಟು ಚೆನ್ನಾಗಿ ನಡೆಸುತ್ತಿದ್ದವರು ಯಾಕೆ ಬಿಟ್ಟಿರಿ ಎಂದು ಕೇಳಿದರು. ನಿಮ್ಮ ಅಪ್ಪ ಪಕ್ಕದಲ್ಲೇ ಕೂತು ಕೇಳುತ್ತಿದ್ದ. ನಿಮ್ಮ ಅಜ್ಜ ನಕ್ಕು, "ಈ ಮುಂಬೈ ಮಳ್ಯಾಗ ಆ್ಯಂಟೆನಾ ಹೊಂದಸೂದು ನನಗ ಬರಲಿಲ್ಲ. ಬಾರದ ಕೆಲಸ ಯಾಕ ಅಂತ ಬಿಟ್ಟೆ" ಎಂದರು. ನಾನು ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ, ನಾನು ಬಾಯಿ ಬಿಡಲಿಲ್ಲ. ನಿಮ್ಮ ಅಪ್ಪ ಇವತ್ತಿಗೂ ಅದನ್ನೇ ನಂಬಿದ್ದಾನೆ, ನಿಮಗೂ ಹಾಗೆಯೇ ಹೇಳಿದ್ದಾನೆ.

ಅವರಿಗೆ ಬರುತ್ತಿತ್ತು. ಅವರ ಲೆಕ್ಕದಲ್ಲಿ ಒಂದು ಕೂದಲಿನ ತಪ್ಪೂ ಇರಲಿಲ್ಲ.